ಅಚ್ಚು, ಹಾಳೆ, ಗಾಳಿ: ಡೋಣಿಯ ಕಸುಬುದಾರರಿಗೂ ಶಿಕ್ಷಕರಿಗೂ ಬಹಿರಂಗ ಪತ್ರ

ಡೋಣಿ, ಡೋಣಿ ತಾಂಡಾ ಮತ್ತು ಡಂಬಳ ಸುತ್ತಿನ ಬಡಿಗೇರರು, ಕಮ್ಮಾರರು, ಚಿತ್ರಕಲೆ ಹಾಗೂ ವಿಜ್ಞಾನದ ಶಿಕ್ಷಕರು, ಎಲ್ಲರಿಗೂ,

ಕಾಯಿಸಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಒಂದು ಅಚ್ಚಿನ ಮೇಲೆ ಹೊದಿಸಿ, ಇವೆರಡರ ನಡುವಿನ ಗಾಳಿಯನ್ನು ಕೆಳಗಿನಿಂದ ಎಳೆದು ತೆಗೆದರೆ ಹಾಳೆ ಅಚ್ಚಿನ ಮೈಗೆ ಮೆತ್ತಿಕೊಂಡು ಅದರ ಆಕಾರವನ್ನೇ ತಾಳುತ್ತದೆ. ತಣಿದ ಮೇಲೆ ಆ ಆಕಾರ ಹಾಗೇ ನಿಲ್ಲುತ್ತದೆ. ಇದಕ್ಕೆ ವ್ಯಾಕ್ಯೂಮ್ ಫಾರ್ಮಿಂಗ್ ಎಂದು ಹೆಸರು. ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿ ಎಬ್ಬಿಸುವ 98 ಕುಳಿಯ ಕಪ್ಪು ಪ್ರೋಟ್ರೇ, ಮಿಠಾಯಿ ಪೆಟ್ಟಿಗೆಯೊಳಗಿನ ಗುಂಡಿ ಗುಂಡಿ ತಟ್ಟೆ, ಫ್ರಿಜ್ಜಿನ ಬಿಳಿ ಒಳಗೋಡೆ, ಎಲ್ಲವೂ ಹೀಗೆ ಹುಟ್ಟಿದವು. ಪ್ರೋಟ್ರೇಯನ್ನು ಬೆಳಕಿಗೆ ಹಿಡಿದು ನೋಡಿದರೆ ಕುಳಿಯ ಬಾಯಿ ದಪ್ಪ, ತಳದ ಮೂಲೆ ತೆಳು ಎಂಬುದು ಕಣ್ಣಿಗೆ ಬೀಳುತ್ತದೆ. ಚಪ್ಪಟೆ ಹಾಳೆ ಹಿಗ್ಗಿ ಕುಳಿಯಾದದ್ದರ ಗುರುತು ಅದು.

ಈ ಭಾಗದ ಮನೆಗಳಿಗೆ ಅಚ್ಚು ಹೊಸದೇನಲ್ಲ. ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಸಕ್ಕರೆ ಆರತಿಯ ಸಾಗವಾನಿ ಅಚ್ಚುಗಳು ಅಟ್ಟದಿಂದ ಇಳಿಯುತ್ತವೆ. ಆನೆ, ಒಂಟೆ, ತೇರು, ನವಿಲು, ಒಂದೊಂದಕ್ಕೂ ಎರಡೆರಡು ಹೋಳು. ಹೋಳುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ, ದಾರದಿಂದ ಬಿಗಿದು, ಕುದಿಯುವ ಸಕ್ಕರೆ ಪಾಕ ಹೊಯ್ಯುತ್ತಾರೆ; ಗಟ್ಟಿಯಾದ ಮೇಲೆ ಕಟ್ಟು ಬಿಚ್ಚಿದರೆ ಆರತಿ ಇಡಿಯಾಗಿ ಕೈಗೆ ಬರುತ್ತದೆ. ಅಚ್ಚು ಎರಡು ಹೋಳೇಕೆ ಎಂಬುದು ಅದನ್ನು ಕೆತ್ತಿದ ಬಡಿಗೇರನಿಗೆ ಗೊತ್ತು. ಒಂದೇ ಹೋಳಾಗಿದ್ದರೆ ಆನೆಯ ಹೊಟ್ಟೆಯ ಉಬ್ಬು ಒಳಗೇ ಸಿಕ್ಕಿಕೊಳ್ಳುತ್ತಿತ್ತು. ವ್ಯಾಕ್ಯೂಮ್ ಫಾರ್ಮಿಂಗಿನ ಅಚ್ಚಿಗೆ ಎರಡನೆಯ ಹೋಳು ಇರುವುದಿಲ್ಲ, ಅದರ ಕೆಲಸವನ್ನು ಗಾಳಿಯೇ ಮಾಡುತ್ತದೆ. ಹಾಗಾಗಿ ಅಚ್ಚಿನ ಶ್ರಮ ಅರ್ಧಕ್ಕೆ ಇಳಿಯುತ್ತದೆ. ಪ್ರತಿಯಾಗಿ, ಸಿಕ್ಕಿಕೊಳ್ಳುವಂಥ ಉಬ್ಬು ಅದರಲ್ಲಿ ಒಂದೂ ಇರಕೂಡದು.

ಗಾಳಿಯ ಕೆಲಸ ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ವಾತಾವರಣ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 950 ಗ್ರಾಂ ಭಾರ ಹೇರುತ್ತದೆ. 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಹಾಳೆಯ ಅಡಿಯ ಗಾಳಿಯನ್ನೆಲ್ಲ ತೆಗೆದುಬಿಟ್ಟರೆ ಅದರ ಮೇಲೆ ಎಂಟೂವರೆ ಕ್ವಿಂಟಲ್ ಭಾರ ಬೀಳುತ್ತದೆ, ಎಂಟು ಚೀಲ ಜೋಳ ಹೇರಿದ ಹಾಗೆ. ಆ ಭಾರ ಎಲ್ಲ ಕಡೆ ಸಮನಾಗಿ, ಸಂದುಗೊಂದು ಬಿಡದೆ ಒತ್ತುವುದರಿಂದಲೇ ಕೂದಲೆಳೆಯಷ್ಟು ಗೀರು ಕೂಡ ಹಾಳೆಯಲ್ಲಿ ಮೂಡುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಇದರ ಐದನೆಯ ಒಂದು ಭಾಗದಷ್ಟು ಎಳೆದೀತು. ತೆಳು ಹಾಳೆಗೆ, ತಗ್ಗು ಅಚ್ಚಿಗೆ ಅಷ್ಟೇ ಸಾಕು. ಹಾಲು ಕರೆಯುವ ಯಂತ್ರದ ಪಂಪು ಸುಮಾರು ಅರ್ಧದಷ್ಟು ನಿರ್ವಾತದಲ್ಲಿ ಓಡುತ್ತದೆ. ಎಮ್ಮೆ ಸಾಕಿದ ಮನೆಯಲ್ಲಿ ಅಂಥದೊಂದು ಹಳೆಯ ಪಂಪಿದ್ದರೆ ಅದು ಈ ಕೆಲಸಕ್ಕೆ ಚೆನ್ನಾಗಿಯೇ ಒದಗುತ್ತದೆ.

ಈ ವಿದ್ಯೆ ಡೋಣಿಗೆ ಏಕೆ ಬೇಕು ಎಂಬುದಕ್ಕೆ ಗದಗದಲ್ಲೇ ಕಾರಣವಿದೆ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಟ್ಟಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ. ಗುರುಶಿಷ್ಯರಿಬ್ಬರೂ ಅಂಧರು. ನಾಡಿನ ಮೂಲೆಮೂಲೆಯಿಂದ ಬಂದ ಕುರುಡು ಮಕ್ಕಳು ಅಲ್ಲಿ ಹಾಡು, ಹಾರ್ಮೋನಿಯಂ, ತಬಲ ಕಲಿತು ಬದುಕು ಕಟ್ಟಿಕೊಂಡಿದ್ದಾರೆ. ಕಿವಿಗೆ ಬೇಕಾದದ್ದನ್ನು ಆ ಮಕ್ಕಳಿಗೆ ಈ ಜಿಲ್ಲೆ ಧಾರಾಳವಾಗಿ ಕೊಟ್ಟಿದೆ. ಬೆರಳಿಗೆ ಬೇಕಾದದ್ದು ಇನ್ನೂ ಬಹಳ ಬಾಕಿ ಇದೆ. ಕಪ್ಪತಗುಡ್ಡದ ಹೆಸರನ್ನು, ಅದರ ಗಾಳಿಯನ್ನು, ಗಿಡಮೂಲಿಕೆಗಳ ಮಾತನ್ನು ಕೇಳಿ ಬೆಳೆದ ಕುರುಡು ಮಗುವಿಗೆ ಆ ಗುಡ್ಡ ಯಾವ ಕಡೆಗೆ ಚಾಚಿದೆ, ಎಲ್ಲಿ ಏರುತ್ತದೆ, ಎಲ್ಲಿ ತುಂಗಭದ್ರೆಯ ಕಡೆಗೆ ಇಳಿಯುತ್ತದೆ ಎಂದು ಬಾಯಿಮಾತಿನಲ್ಲಿ ತಿಳಿಸುವುದು ಕಷ್ಟ. ಅಂಗೈಯಡಿ ಒಂದು ಉಬ್ಬು ನಕಾಶೆ ಇಟ್ಟರೆ ಮಾತಿನ ಅಗತ್ಯವೇ ಬೀಳುವುದಿಲ್ಲ. ಈ ಪತ್ರದ ಬೇಡಿಕೆ ಅದೊಂದೇ: ಗುಡ್ಡದ ಬುಡದಲ್ಲಿರುವ ಊರು ಆ ಗುಡ್ಡದ ಅಚ್ಚನ್ನು ಕೈಯಾರೆ ಮಾಡಿ, ಅದರ ಮೇಲೆ ಹಾಳೆ ಇಳಿಸಿ, ಗದಗದ ಮಕ್ಕಳಿಗೂ ತನ್ನ ಶಾಲೆಯ ಮಕ್ಕಳಿಗೂ ಕೊಡಬೇಕು.

ಇದು ಎಲ್ಲೂ ನಡೆಯದ ಕೆಲಸವೇನಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೇನೆಯ ನಕಾಶೆ ವಿಭಾಗ ಮೊದಲು ಚಪ್ಪಟೆ ಪ್ಲಾಸ್ಟಿಕ್ ಹಾಳೆಯ ಮೇಲೆ ನಕಾಶೆ ಮುದ್ರಿಸಿ, ಆಮೇಲೆ ಅದನ್ನು ಪ್ಲಾಸ್ಟರಿನ ಗುಡ್ಡಬೆಟ್ಟದ ಅಚ್ಚಿನ ಮೇಲೆ ಕಾಯಿಸಿ ಇಳಿಸುತ್ತಿತ್ತು. ಮುದ್ರಿಸಿದ ಶಿಖರ ಅಚ್ಚಿನ ಶಿಖರದ ಮೇಲೆಯೇ ಕೂರುವಂತೆ ಹೊಂದಿಸುವುದು ಅದರಲ್ಲಿ ಕಷ್ಟದ ಭಾಗ. ಅಂಧರ ಶಾಲೆಗಳಲ್ಲಿ ಬ್ರೈಲ್ ಪುಟಗಳ ನಕಲು ತೆಗೆಯುವ ಥರ್ಮೋಫಾರ್ಮ್ ಯಂತ್ರದ್ದೂ ಇದೇ ತತ್ವ. ದಾರ, ಗುಂಡಿ, ರಟ್ಟು, ಮರಳು ಕಾಗದ ಅಂಟಿಸಿ ಕೈಯಿಂದ ಮಾಡಿದ ಮೂಲಚಿತ್ರದ ಮೇಲೆ ತೆಳು ಹಾಳೆ ಕಾಯಿಸಿ ಎಳೆದರೆ ಎಷ್ಟು ಬೇಕಾದರೂ ಪ್ರತಿ ಸಿಗುತ್ತವೆ. ದೆಹಲಿಯ ಐಐಟಿಯಲ್ಲಿ ತ್ರಿಡಿ ಮುದ್ರಣದಿಂದ ಅಚ್ಚು ಮಾಡಿ ಶಾಲಾ ಪುಸ್ತಕಗಳ ಚಿತ್ರಗಳನ್ನು ಇದೇ ರೀತಿ ಮುಟ್ಟಿ ಓದುವ ಹಾಳೆಗಳಾಗಿಸಿದ್ದಾರೆ. ಡೋಣಿಗೆ ತ್ರಿಡಿ ಮುದ್ರಣ ಯಂತ್ರ ಬೇಕಿಲ್ಲ. ಕೂರಿಗೆಯ ಬಟ್ಟಲನ್ನು, ಬಂಡಿಯ ಗಾಲಿಯನ್ನು ಅಳತೆ ತಪ್ಪದೆ ಕಡೆದ ಕೈಗಳು ಇರುವಲ್ಲಿ ಅಚ್ಚಿಗೆ ಕೊರತೆಯಾಗದು.

ಗುಡ್ಡದ ವಿಷಯ ನಾಲ್ಕು ಮಾತು. ಕಪ್ಪತಗುಡ್ಡ ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಲ್ಲಿ ಉದ್ದಕ್ಕೆ ಹಬ್ಬಿದ ಸಾಲು. 2015ರ ಕೊನೆಗೆ ಅದಕ್ಕೆ ಸಿಕ್ಕಿದ ಸಂರಕ್ಷಿತ ಪ್ರದೇಶದ ಸ್ಥಾನಮಾನವನ್ನು ಸರ್ಕಾರ 2016ರಲ್ಲಿ ಹಿಂದಕ್ಕೆ ಪಡೆಯಿತು. ಗದಗದ ತೋಂಟದ ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಆ ಸ್ಥಾನಮಾನ ಮರಳಿ ಬಂತು. 2019ರಲ್ಲಿ 244 ಚದರ ಕಿ.ಮೀ. ಪ್ರದೇಶ ವನ್ಯಜೀವಿ ಧಾಮವಾಯಿತು. ಉಳಿಸಿಕೊಂಡ ಗುಡ್ಡವನ್ನು ಕಣ್ಣಿಲ್ಲದವರಿಗೂ ಮುಟ್ಟಿಸಬೇಕಾದ್ದು ನ್ಯಾಯ.

ಇನ್ನು ಅಚ್ಚು. ಈ ಕೆಲಸದಲ್ಲಿ ಯಂತ್ರ ಒಂದು ದಿನದ್ದು, ಹಾಳೆ ಒಂದು ನಿಮಿಷದ್ದು, ಅಚ್ಚು ಮಾತ್ರ ವಾರಗಟ್ಟಲೆ ಕೂತು ಮಾಡುವಂಥದ್ದು. ಮೊದಲು ಮಣ್ಣಿನ ವಿಚಾರ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೈಗಳಿಗೆ ಮಣ್ಣಿನಲ್ಲೇ ಗುಡ್ಡ ಮಾಡುವ ಆಸೆ ಬರುವುದು ಸಹಜ. ಆದರೆ ಎರೆಮಣ್ಣು ಒಣಗುತ್ತ ಕುಗ್ಗುತ್ತದೆ, ಬೇಸಿಗೆಯ ಹೊಲದಂತೆ ಬಿರಿಯುತ್ತದೆ. ಆ ಬಿರುಕುಗಳೆಲ್ಲ ಹಾಳೆಯಲ್ಲಿ ಹಳ್ಳಗಳಾಗಿ ಮೂಡುತ್ತವೆ. ಮರಳು ಬೆರೆಸಿದ ಕುಂಬಾರ ಮಣ್ಣು ಅಷ್ಟು ಬಿರಿಯದು. ಹಾಗಿದ್ದರೂ ಮಣ್ಣಿನ ಗುಡ್ಡವನ್ನು ಮೂಲ ಮಾದರಿಯಾಗಿ ಇಟ್ಟುಕೊಂಡು ಹಾಳೆ ಇಳಿಸುವ ಅಚ್ಚನ್ನು ಬೇರೆ ಮಾಡುವುದೇ ಕ್ಷೇಮ.

ನಕಾಶೆಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ರಟ್ಟಿನದು. ಗದಗ ಮುದ್ರಣದ ಊರು, ಪುಸ್ತಕ ಕಟ್ಟುವ ರಟ್ಟು ಅಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕಾಶೆಯಲ್ಲಿ ಒಂದು ಕಿಲೋಮೀಟರಿಗೆ 2 ಸೆಂ.ಮೀ., ಎರಡು ಸಮೋನ್ನತ ರೇಖೆಗಳ ನಡುವೆ 20 ಮೀಟರ್ ಎತ್ತರ. ಡೋಣಿಯ ಸುತ್ತಿನ 12 ಕಿ.ಮೀ. ಚೌಕವನ್ನು ತೆಗೆದುಕೊಂಡರೆ 24 ಸೆಂ.ಮೀ. ಚೌಕದ ಅಚ್ಚಾಗುತ್ತದೆ, 30 ಸೆಂ.ಮೀ. ಚೌಕಟ್ಟಿನಲ್ಲಿ ಸುತ್ತ 3 ಸೆಂ.ಮೀ. ಅಂಚು ಉಳಿಯುತ್ತದೆ. ಅದೇ ಪ್ರಮಾಣದಲ್ಲಿ 20 ಮೀಟರ್ ಎಂದರೆ 0.4 ಮಿ.ಮೀ. ಮಾತ್ರ; ಬೆರಳಿಗೆ ಅಷ್ಟು ಏರಿಳಿತ ಸಾಲದು. ಎತ್ತರವನ್ನು ಮೂರು ಪಟ್ಟು ಮಾಡಿ 1.2 ಮಿ.ಮೀ. ದಪ್ಪದ ರಟ್ಟನ್ನು ಒಂದೊಂದು ಮೆಟ್ಟಿಲಿಗೆ ಬಳಸಿದರೆ, ಬಯಲಿನಿಂದ 300 ಮೀಟರ್ ಏರುವ ಗುಡ್ಡಕ್ಕೆ 15 ಪದರ ಬೀಳುತ್ತವೆ, ಒಟ್ಟು 18 ಮಿ.ಮೀ. ಅಂಗೈಗೆ ಗುಡ್ಡವೆಂದು ತಿಳಿಯಲು ಅಷ್ಟಿದ್ದರೆ ಸಾಕು, ಹಾಳೆಗೂ ಅದು ಹೆಚ್ಚಿನ ಎಳೆತವಲ್ಲ.

ಒಂದೊಂದು ಸಮೋನ್ನತ ರೇಖೆಯನ್ನೂ ಕಾರ್ಬನ್ ಕಾಗದದಿಂದ ರಟ್ಟಿಗೆ ಇಳಿಸಿ, ಚೂಪು ಚಾಕುವಿನಿಂದ ಕತ್ತರಿಸಿ, ಒಂದರ ಮೇಲೊಂದು ಅಂಟಿಸುತ್ತ ಹೋಗಬೇಕು. ಪದರಗಳು ಜರುಗದಿರಲು ಎರಡು ಮೂಲೆಗಳಲ್ಲಿ ಮೊಳೆ ಹೊಡೆದ ಹಲಗೆಯ ಮೇಲೆ ಜೋಡಿಸಿದರೆ ಲೇಸು. ಎಲ್ಲ ಪದರ ಏರಿದ ಮೇಲೆ ಅದು ಗುಡ್ಡಕ್ಕಿಂತ ಗುಡಿಯ ಮೆಟ್ಟಿಲಿನಂತೆ ಕಾಣುತ್ತದೆ. ಕೆಲವರು ಮೆಟ್ಟಿಲನ್ನು ಹಾಗೇ ಬಿಡುತ್ತಾರೆ. ಬೆರಳಿನ ಓದಿಗೆ ಅದು ಸರಿಹೋಗುವುದಿಲ್ಲ, ಏಕೆಂದರೆ ಮೆಟ್ಟಿಲು ಮುಟ್ಟಿದ ಮಗು ಗುಡ್ಡದಲ್ಲಿ ನಿಜಕ್ಕೂ ಒಡ್ಡುಗಳಿವೆ ಎಂದೇ ತಿಳಿಯುತ್ತದೆ. ಮೆಟ್ಟಿಲಿನ ಸಂದು ತುಂಬಲು ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಹದವೊಂದಿದೆ. ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಮುದ್ದೆಯಿಂದ ಅವರು ಗೊಂಬೆಯ ಕೈಕಾಲು ಸಂದು ಮುಚ್ಚಿ ಮೈ ತಿದ್ದುತ್ತಾರೆ. ಅದೇ ಮುದ್ದೆಯನ್ನು ಒದ್ದೆ ಬೆರಳಿನಿಂದ ಮೆಟ್ಟಿಲ ಮೂಲೆಗೆ ತೀಡಿ, ಒಣಗಿಸಿ, ಮರಳು ಕಾಗದದಿಂದ ಉಜ್ಜಿದರೆ ಇಳಿಜಾರು ಸಹಜವಾಗಿ ಬರುತ್ತದೆ. ಪೂರ್ತಿ ಒಣಗಿರಬೇಕೆಂಬುದೊಂದೇ ಕಟ್ಟಳೆ. ಒಳಗೆ ಪಸೆ ಉಳಿದರೆ ಬಿಸಿ ಹಾಳೆ ತಾಗಿದಾಗ ಉಗಿ ಎದ್ದು ಮೈಯೆಲ್ಲ ಗುಳ್ಳೆಯಾಗುತ್ತದೆ.

ರಟ್ಟಿನ ಅಚ್ಚು ಹತ್ತಾರು ಹಾಳೆಗಳ ತನಕ ತಾಳುತ್ತದೆ. ಹೆಚ್ಚು ಬೇಕಾದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು. ಅದಕ್ಕೊಂದು ಸುಲಭದ ಉಪಾಯವುಂಟು: ರಟ್ಟಿನ ಮೇಲೆ ಇಳಿದ ಮೊದಲನೆಯ ಹಾಳೆಯನ್ನೇ ಬೋರಲು ಮಾಡಿ, ಅದರ ಕುಳಿಯಲ್ಲಿ ಪ್ಲಾಸ್ಟರ್ ಹೊಯ್ಯುವುದು. ಗುಡ್ಡ ಮತ್ತೊಮ್ಮೆ ಗಟ್ಟಿಯಾಗಿ ಹುಟ್ಟುತ್ತದೆ, ಮೂಲದ ರಟ್ಟು ಸುರಕ್ಷಿತವಾಗಿ ಉಳಿಯುತ್ತದೆ. ಪ್ಲಾಸ್ಟರ್ ಅರ್ಧ ಗಂಟೆಯೊಳಗೆ ಗಟ್ಟಿಯಾದರೂ ಒಳಗಿನ ನೀರು ಆರಲು ಹಲವು ದಿನ ಬಿಸಿಲು ಬೇಕು. ಬೇಸಿಗೆಯಲ್ಲಿ ಡೋಣಿಯ ಬಿಸಿಲಿಗೇನೂ ಬರವಿಲ್ಲ. ಮರದ ಅಚ್ಚು ಇವೆರಡಕ್ಕಿಂತ ಗಟ್ಟಿ. ಚೆನ್ನಾಗಿ ಆರಿದ ಸಾಗವಾನಿ ಒಳ್ಳೆಯದು. ಗಂಟು ಇದ್ದರೆ ಬಿಸಿಗೆ ಅಲ್ಲೇ ಸೀಳುತ್ತದೆ, ಉಜ್ಜದೆ ಬಿಟ್ಟರೆ ಮರದ ನಾರಿನ ಗೆರೆ ಹಾಳೆಯ ಮೈಮೇಲೆ ಅಚ್ಚೊತ್ತುತ್ತದೆ.

ಅಚ್ಚಿನ ಬದಿಗಳು ನೆಟ್ಟಗಿರಬಾರದು, ಮೇಲಕ್ಕೆ ಹೋದಂತೆ ಸ್ವಲ್ಪ ಒಳಕ್ಕೆ ವಾಲಿರಬೇಕು. ಕಾದ ಹಾಳೆ ತಣಿಯುತ್ತ ಕುಗ್ಗಿ ಅಚ್ಚನ್ನು ಬಿಗಿಯಾಗಿ ಅಪ್ಪಿಕೊಳ್ಳುವುದೇ ಇದಕ್ಕೆ ಕಾರಣ. ಉಬ್ಬು ಅಚ್ಚಿಗೆ 3ರಿಂದ 5 ಡಿಗ್ರಿ ವಾಲು ಬೇಕು, 10 ಸೆಂ.ಮೀ. ಎತ್ತರಕ್ಕೆ 4 ಡಿಗ್ರಿ ಎಂದರೆ ಒಂದೊಂದು ಬದಿಗೆ 7 ಮಿ.ಮೀ. ಕುಳಿ ಅಚ್ಚಿನಲ್ಲಿ ಹಾಳೆ ಕುಗ್ಗಿ ಗೋಡೆಯಿಂದ ತಾನೇ ದೂರ ಸರಿಯುವುದರಿಂದ ಅಷ್ಟು ವಾಲು ಬೇಕಿಲ್ಲ. ಗುಡ್ಡಕ್ಕೆ ಈ ಚಿಂತೆಯೇ ಇಲ್ಲ, ಅದರ ಬದಿಗಳು ಹುಟ್ಟಿನಿಂದಲೇ ಇಳಿಜಾರು. ಚಿಂತೆ ಬರುವುದು ಡಂಬಳದ ದೊಡ್ಡಬಸಪ್ಪ ಗುಡಿಯಂಥದ್ದನ್ನು ಅಚ್ಚಿಗೆ ತರಬೇಕೆಂದಾಗ. ಹನ್ನೆರಡನೆಯ ಶತಮಾನದ ಆ ಗುಡಿಯ ಗರ್ಭಗೃಹದ ಹೊರಗೋಡೆ 24 ಕೋನಗಳ ನಕ್ಷತ್ರದಂತಿದೆ. ಕೋನ ಕೋನದ ನಡುವಿನ ಕಿರಿದಾದ ಒಳಮೂಲೆಗೆ ಹಾಳೆ ಇಳಿಯುವ ಮೊದಲೇ ತಣಿಯುತ್ತದೆ. ಮುಂಚಾಚಿದ ಸೂರಿನ ಕೆಳಗೆ ಇಳಿದರೆ ಮರಳಿ ಬರುವುದೇ ಇಲ್ಲ. ಅಂಥದ್ದನ್ನು ಗೋಡೆಗೆ ಒರಗಿದ ಅರೆ ಉಬ್ಬುಶಿಲ್ಪದಂತೆ ಮಲಗಿಸಿ, ಮೂಲೆಗಳನ್ನು ಗುಂಡಗೆ ತಿದ್ದಿ ಕಡೆಯಬೇಕು. ಶಿಲ್ಪಿಯ ಚೂಪನ್ನು ಬಡಿಗೇರ ಇಲ್ಲಿ ಬೇಕೆಂದೇ ಬಿಟ್ಟುಕೊಡಬೇಕಾಗುತ್ತದೆ.

ಅಚ್ಚಿನ ತಗ್ಗುಗಳಲ್ಲೆಲ್ಲ ಗಾಳಿ ಹೊರಹೋಗುವ ಸಣ್ಣ ತೂತುಗಳಿರಬೇಕು. ಹಾಳೆ ಮೊದಲು ಎತ್ತರವನ್ನು ಮುಟ್ಟಿ, ಬುಡವನ್ನು ಮುಚ್ಚಿ, ಕಡೆಗೆ ತಗ್ಗಿಗೆ ಇಳಿಯುತ್ತದೆ. ಅಲ್ಲಿ ಸಿಕ್ಕಿಬಿದ್ದ ಗಾಳಿಗೆ ದಾರಿ ಇಲ್ಲದಿದ್ದರೆ ಹಳ್ಳ ಹಳ್ಳವಾಗಿ ಮೂಡುವುದಿಲ್ಲ. ತೂತು 1 ಮಿ.ಮೀ.ಗಿಂತ ದೊಡ್ಡದಾದರೆ ಹಾಳೆಯಲ್ಲಿ ಮೊಡವೆಯಂತೆ ಗುರುತು ಬೀಳುತ್ತದೆ, ಬೆರಳು ಅದನ್ನು ಊರೆಂದು ಓದುತ್ತದೆ. ತಲೆ ಮುರಿದ ಹೊಲಿಗೆ ಸೂಜಿಯನ್ನು ಕೈ ಬೈರಿಗೆಗೆ ಸಿಕ್ಕಿಸಿದರೆ ರಟ್ಟಿಗೂ ಪ್ಲಾಸ್ಟರಿಗೂ ತಕ್ಕ ಬೈರಿಗೆಯಾಗುತ್ತದೆ. ಉದ್ದಕ್ಕೂ ಸೂಜಿಯಿಂದಲೇ ಕೊರೆಯಬೇಕಾಗಿಲ್ಲ. ಹಿಂದಿನಿಂದ 5 ಮಿ.ಮೀ. ತೂತನ್ನು ಮೈಯ ಹತ್ತಿರದವರೆಗೆ ತಂದು, ಕೊನೆಯ ಒಂದಿಷ್ಟನ್ನು ಮಾತ್ರ ಸೂಜಿಯಿಂದ ಚುಚ್ಚಿದರೆ ಸಾಕು. ಪ್ಲಾಸ್ಟರ್ ಹೊಯ್ಯುವಾಗಲೇ ಗ್ರೀಸ್ ಹಚ್ಚಿದ ತಂತಿಗಳನ್ನು ನಿಲ್ಲಿಸಿ, ಗಟ್ಟಿಯಾಗುವ ಹೊತ್ತಿಗೆ ಎಳೆದು ತೆಗೆಯುವುದೂ ಉಂಟು.

ಹಾಳೆಗಳಲ್ಲಿ ಕಲಿಯುವವರಿಗೆ ತಕ್ಕದ್ದು ಹಿಪ್ಸ್, ಅಂದರೆ ಪೆಟ್ಟು ತಾಳುವ ಪಾಲಿಸ್ಟೈರೀನ್. ಅಗ್ಗ, 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ಮೆತ್ತಗಾಗುತ್ತದೆ, ಕುಗ್ಗುವುದು ನೂರಕ್ಕೆ ಅರ್ಧದಷ್ಟು. ಎಬಿಎಸ್ ಇನ್ನೂ ಗಟ್ಟಿ. ಪೆಟ್‌ಜಿ ಗಾಜಿನಂತೆ ಪಾರದರ್ಶಕ. ಪಾಲಿಕಾರ್ಬೊನೇಟ್ ಗಾಳಿಯ ತೇವ ಹೀರುವುದರಿಂದ ಗಂಟೆಗಟ್ಟಲೆ ಒಣಗಿಸದಿದ್ದರೆ ಗುಳ್ಳೆ ಏಳುತ್ತದೆ, ಹಳ್ಳಿಯ ಕಮ್ಮಟಕ್ಕೆ ಅದರ ಸಹವಾಸ ಬೇಡ. ಬ್ರೈಲ್ ನಕಲಿಗೆ ತೆಳು ಪಿವಿಸಿ ಹಾಳೆ ರೂಢಿ. ಅದನ್ನು ಹೊತ್ತಿಸಿಬಿಟ್ಟರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಯಾವ ಹಾಳೆಯೇ ಆಗಲಿ, ಕಾಯಿಸುವ ಕೆಲಸವನ್ನು ಕಿಟಕಿ ಬಾಗಿಲು ತೆರೆದ ಜಾಗದಲ್ಲಿ ಮಾಡಬೇಕು. ಮಕ್ಕಳು ದೂರ ನಿಂತು ನೋಡಲಿ.

ಯಂತ್ರ ಎಂದರೆ ಮೇಲ್ಭಾಗದಲ್ಲಿ ತೂತು ತೂತಾದ ಒಂದು ಪೆಟ್ಟಿಗೆ, ಹಾಳೆ ಹಿಡಿಯುವ ಎರಡು ಕಬ್ಬಿಣದ ಚೌಕಟ್ಟು, ಕಾಯಿಸುವ ಸುರುಳಿ, ಎಳೆಯುವ ಪಂಪು. ಪೆಟ್ಟಿಗೆ ಬಡಿಗೇರನದು, ಚೌಕಟ್ಟು ಕಮ್ಮಾರನದು. ಪೆಟ್ಟಿಗೆಯ ಅಂಚಿಗೆ ಶಾಖ ತಾಳುವ ರಬ್ಬರಿನ ಪಟ್ಟಿ ಅಂಟಿಸಬೇಕು. ಅಲ್ಲಿ ಗಾಳಿ ಸೋರಿದರೆ ಉಳಿದದ್ದೆಲ್ಲ ವ್ಯರ್ಥ. ಫ್ರಿಜ್ಜಿನ ಹಳೆಯ ಕಂಪ್ರೆಸರ್ ನಿರ್ವಾತವನ್ನು ಚೆನ್ನಾಗಿ ಮಾಡುತ್ತದೆ, ಆದರೆ ನಿಧಾನ. ಹಾಳೆ ಕೆಲವೇ ಸೆಕೆಂಡಿನಲ್ಲಿ ತಣಿಯುವುದರಿಂದ ಅದಕ್ಕೊಂದು ತೊಟ್ಟಿ ಜೋಡಿಸಿ, ತೊಟ್ಟಿಯನ್ನು ಮೊದಲೇ ಖಾಲಿ ಮಾಡಿಟ್ಟುಕೊಂಡು, ಬೇಕಾದಾಗ ಕವಾಟ ತೆರೆಯಬೇಕು. 60 ಲೀಟರಿನ ತೊಟ್ಟಿಯಿಂದ ನೂರಕ್ಕೆ 85ರಷ್ಟು ಗಾಳಿ ತೆಗೆದಿದ್ದು, ಪೆಟ್ಟಿಗೆಯಲ್ಲಿ 10 ಲೀಟರ್ ಗಾಳಿ ಇದ್ದರೆ, ಕವಾಟ ತೆರೆದೊಡನೆ ಮುಕ್ಕಾಲು ಭಾಗದಷ್ಟು ನಿರ್ವಾತ ಸಿಗುತ್ತದೆ. ತೊಟ್ಟಿ ಪಂಕ್ಚರ್ ಅಂಗಡಿಯ ಕಂಪ್ರೆಸರಿನದರಂತೆ ಗಟ್ಟಿ ಕಬ್ಬಿಣದ್ದಾಗಿರಬೇಕು. ಎಣ್ಣೆಯ ತೆಳು ಡ್ರಮ್ಮನ್ನು ಹೊರಗಾಳಿ ಕಾಗದದಂತೆ ಹಿಚುಕಿಹಾಕುತ್ತದೆ, ಹತ್ತಿರ ನಿಂತವರಿಗೆ ಪೆಟ್ಟಾಗುತ್ತದೆ.

30 ಸೆಂ.ಮೀ. ಚೌಕಕ್ಕೆ ಸುಮಾರು 1.8 ಕಿಲೋವಾಟ್ ಸುರುಳಿ ಬೇಕು. ಇದು ಮೊಬೈಲ್ ಚಾರ್ಜು ಮಾಡುವ ಸಾಕೆಟ್ಟಿನ ಕೆಲಸವಲ್ಲ, 16 ಆಂಪಿಯರಿನದೇ ಇರಬೇಕು, ಅರ್ಥಿಂಗ್ ಇರಬೇಕು. ಹಳ್ಳಿಯಲ್ಲಿ ಕರೆಂಟು 230 ವೋಲ್ಟಿನಿಂದ 180ಕ್ಕೆ ಇಳಿದರೆ ಸುರುಳಿಯ ಶಾಖ ನೂರಕ್ಕೆ 61ಕ್ಕೆ ಬೀಳುತ್ತದೆ. ಪುಸ್ತಕದಲ್ಲಿ ಬರೆದ ಸೆಕೆಂಡುಗಳನ್ನು ಎಣಿಸುತ್ತ ಕೂತರೆ ಮುಂಜಾನೆ ಸರಿಬಂದ ಹಾಳೆ ಸಂಜೆ ಹಸಿಯಾಗಿಯೇ ಉಳಿದೀತು. ಗಡಿಯಾರಕ್ಕಿಂತ ಹಾಳೆಯ ಮೇಲೆ ಕಣ್ಣಿಡುವುದು ಮೇಲು.

ಹಾಳೆ ಕೊಡುವ ಸೂಚನೆಗಳು ಸ್ಪಷ್ಟ. ಚೌಕಟ್ಟಿನಲ್ಲಿ ಬಿಗಿದ ಹಿಪ್ಸ್ ಹಾಳೆ ಕಾವಿನ ಕೆಳಗೆ ಬಂದ ಸ್ವಲ್ಪ ಹೊತ್ತಿಗೆ ಅಲೆ ಅಲೆಯಾಗಿ ಸುಕ್ಕೇಳುತ್ತದೆ, ಕೆಂಡದ ಮೇಲಿನ ಹಪ್ಪಳದ ಹಾಗೆ. ಹೊಸಬರು ಕೆಟ್ಟಿತೆಂದು ಅಲ್ಲೇ ತೆಗೆದುಬಿಡುತ್ತಾರೆ. ತಾಳಿದರೆ ಅಲೆಗಳು ತಾವೇ ಅಡಗಿ, ಹಾಳೆ ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ. ಅದಾದ ಮೇಲೆ ನಡುಭಾಗ ಮೆಲ್ಲಗೆ ಜೋತು ಬೀಳತೊಡಗುತ್ತದೆ, ಮೈ ಸ್ವಲ್ಪ ಹೊಳೆಯುತ್ತದೆ. ನಡುವೆ ಎರಡು ಬೆರಳಷ್ಟು ಜೋತಾಗ ಹದ. ಆಗ ಚೌಕಟ್ಟನ್ನು ಎರಡೂ ಕೈಯಿಂದ ಒಂದೇ ಸಮ ಕೆಳಗೆ ಒತ್ತಿ, ಅಂಚು ರಬ್ಬರಿಗೆ ತಾಗಿದ ಕ್ಷಣಕ್ಕೆ ಕವಾಟ ತೆರೆಯಬೇಕು. ‘ಫಟ್’ ಎಂಬ ಸದ್ದಿನೊಡನೆ ಹಾಳೆ ಅಚ್ಚಿನ ಮೇಲೆ ಕೂರುತ್ತದೆ. ಮೊದಲು ಶಿಖರ, ಆಮೇಲೆ ಇಳಿಜಾರು, ಕಡೆಗೆ ಹಳ್ಳದ ಗೆರೆಗಳು ಒಂದೊಂದಾಗಿ ಮೂಡುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಪಂಪನ್ನು ಕೂಡಲೇ ನಿಲ್ಲಿಸಬಾರದು. ಮೇಲೆ ಫ್ಯಾನ್ ಹಿಡಿದು, ಹಾಳೆ ಗಟ್ಟಿಯಾಗುವ ತನಕ ಎಳೆಯುತ್ತಲೇ ಇರಬೇಕು. ತೀರ ತಣಿಯಲು ಬಿಟ್ಟರೆ ಅಚ್ಚನ್ನು ಬಿಗಿದುಕೊಳ್ಳುತ್ತದೆ, ಬೇಗ ತೆಗೆದರೆ ಸೊಟ್ಟಗಾಗುತ್ತದೆ. ಈ ಎರಡರ ನಡುವಿನ ಹೊತ್ತು ನಾಲ್ಕಾರು ಹಾಳೆ ಮಾಡಿದ ಕೈಗೆ ತಾನಾಗಿ ತಿಳಿಯುತ್ತದೆ. ಅಚ್ಚಿನ ಮೇಲೆ ಮೊದಲೇ ಒಂದು ಚಿಟಿಕೆ ಟಾಲ್ಕಂ ಪುಡಿ ಸವರಿದ್ದರೆ ಬಿಡಿಸುವುದು ಸುಲಭ.

ತಪ್ಪುಗಳಲ್ಲಿ ಹೆಚ್ಚಾಗಿ ಕಾಡುವುದು ಮಡಿಕೆ. ಎತ್ತರದ ಎರಡು ಭಾಗಗಳು ಒತ್ತೊತ್ತಾಗಿದ್ದರೆ, ಅಚ್ಚಿನ ಮೂಲೆ ಚೂಪಾಗಿ ಎತ್ತರವಿದ್ದರೆ, ಹೆಚ್ಚಾದ ಹಾಳೆ ಕೂರಲು ಜಾಗವಿಲ್ಲದೆ ಸೀರೆಯ ನೆರಿಗೆಯಂತೆ ಎದ್ದು ನಿಲ್ಲುತ್ತದೆ. ಎರಡರ ನಡುವೆ ಕನಿಷ್ಠ ಅವುಗಳ ಎತ್ತರದಷ್ಟಾದರೂ ಅಂತರ ಬಿಡಬೇಕು. ಇನ್ನೊಂದು, ಹಾಳೆ ತೆಳುವಾಗುವುದು. 30 ಸೆಂ.ಮೀ. ಚೌಕದ 1 ಮಿ.ಮೀ. ಹಾಳೆ 20 ಸೆಂ.ಮೀ. ಚೌಕದ, 10 ಸೆಂ.ಮೀ. ಎತ್ತರದ ಪೆಟ್ಟಿಗೆಯನ್ನು ಮುಚ್ಚಬೇಕಾದರೆ 900 ಚದರ ಸೆಂ.ಮೀ. ಹಿಗ್ಗಿ 1,700 ಆಗಬೇಕು. ಸರಾಸರಿ ದಪ್ಪ ಅರ್ಧ ಮಿಲಿಮೀಟರಿಗೆ ಇಳಿಯುತ್ತದೆ. ಮೊದಲು ತಾಗಿದ ನೆತ್ತಿ ದಪ್ಪವಾಗಿಯೇ ಉಳಿದು, ಬುಡದ ಮೂಲೆಗಳು ಹೋಳಿಗೆಯ ಅಂಚಿನಂತೆ ತೆಳ್ಳಗಾಗುತ್ತವೆ. 18 ಮಿ.ಮೀ. ಗುಡ್ಡಕ್ಕೆ ಈ ಕಷ್ಟವಿಲ್ಲ. ಕಲಿಯಲು ಗುಡ್ಡವೇ ಒಳ್ಳೆಯ ಪಾಠ ಎಂಬುದಕ್ಕೆ ಇದೂ ಒಂದು ಕಾರಣ.

ಆಕಾರ ಬಂದ ಮಾತ್ರಕ್ಕೆ ನಕಾಶೆ ಓದಲು ಬರುವುದಿಲ್ಲ. ಕಣ್ಣು ಇಡೀ ಹಾಳೆಯನ್ನು ಒಮ್ಮೆಲೇ ನೋಡುತ್ತದೆ, ಬೆರಳು ತುಣುಕು ತುಣುಕಾಗಿ ಓದಿ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತದೆ. ಆದ್ದರಿಂದ ಕಡಿಮೆ ಇದ್ದಷ್ಟೂ ಒಳ್ಳೆಯದು. ಗುಡ್ಡದ ಸಾಲು, ಒಂದು ರಸ್ತೆ, ಡೋಣಿ, ಡಂಬಳ, ಉತ್ತರ ದಿಕ್ಕಿನ ಗುರುತು, ಇಷ್ಟು ಸಾಕು. ಎರಡು ಗೆರೆಗಳ ನಡುವೆ 3 ಮಿ.ಮೀ.ಗಿಂತ ಕಡಿಮೆ ಅಂತರವಿದ್ದರೆ ಬೆರಳಿಗೆ ಅವೆರಡೂ ಒಂದೇ. ಕಣ್ಣಿಗೆ ಹಳ್ಳ ತಗ್ಗು ಗೆರೆಯಾಗಿ ಕಂಡರೂ ಕಿರಿದಾದ ತಗ್ಗಿಗೆ ಬೆರಳ ತುದಿ ಇಳಿಯುವುದಿಲ್ಲ. ಹಳ್ಳವನ್ನು ಅಂಟಿಸಿದ ದಾರದಿಂದ ಉಬ್ಬು ಗೆರೆಯಾಗಿ ತೋರಿಸಬೇಕಾಗುತ್ತದೆ. ವನ್ಯಜೀವಿ ಧಾಮದ ಪ್ರದೇಶಕ್ಕೆ ಗೋಣಿತಟ್ಟಿನ ತುಂಡು ಅಂಟಿಸಿದರೆ ಅದರ ನೇಯ್ಗೆ ಹಾಳೆಯಲ್ಲಿ ಇಳಿದು, ‘ಒರಟು ಸಿಕ್ಕರೆ ಕಾಡು, ನುಣುಪು ಸಿಕ್ಕರೆ ಹೊಲ’ ಎಂದು ಮಗುವಿಗೆ ಹೇಳಿಕೊಡಬಹುದು.

ಹೆಸರುಗಳು ಬ್ರೈಲಿನಲ್ಲಿರಬೇಕು. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಿಂದ ಬಳಕೆಯಲ್ಲಿದೆ, ಕನ್ನಡಕ್ಕೂ ಅದೇ. ಚುಕ್ಕಿಯ ಎತ್ತರ ಸುಮಾರು ಅರ್ಧ ಮಿಲಿಮೀಟರ್, ಚುಕ್ಕಿ ಚುಕ್ಕಿಯ ನಡುವೆ ಎರಡೂವರೆ. ದಪ್ಪ ಕಾಗದದ ಮೇಲೆ ಬ್ರೈಲ್ ಸ್ಲೇಟಿನಿಂದ ಹೆಸರು ಚುಚ್ಚಿ, ಹಿಂದಿನಿಂದ ಅಂಟು ತುಂಬಿ ಗಟ್ಟಿಮಾಡಿ ಅಚ್ಚಿಗೆ ಅಂಟಿಸಬಹುದು. ಇಲ್ಲೊಂದು ತೊಡಕಿದೆ. 1 ಮಿ.ಮೀ. ಹಾಳೆ ಅರ್ಧ ಮಿ.ಮೀ. ಚುಕ್ಕಿಯ ಮೇಲೆ ಕೂತರೆ ಚುಕ್ಕಿಗಳೆಲ್ಲ ಕರಗಿ ಒಂದು ದಿಬ್ಬವಾಗುತ್ತವೆ. ಬ್ರೈಲಿಗೆ 0.2 ಮಿ.ಮೀ.ಯಷ್ಟು ತೆಳು ಹಾಳೆ ಬೇಕು. ಗುಡ್ಡಕ್ಕೆ ಅಷ್ಟು ತೆಳು ಹಾಳೆ ಹಾಕಿದರೆ ಅಂಗೈ ಭಾರಕ್ಕೆ ತಗ್ಗುತ್ತದೆ. ಅರ್ಧ ಮಿ.ಮೀ. ಹಾಳೆಯಲ್ಲಿ ಗುಡ್ಡ, ಅದರ ಮೇಲೆ ಊರಿಗೊಂದು ದೊಡ್ಡ ಚುಕ್ಕಿ ಅಥವಾ ಚೌಕ, ಗುರುತುಗಳ ವಿವರಣೆ ಬೇರೊಂದು ತೆಳು ಹಾಳೆಯ ಬ್ರೈಲಿನಲ್ಲಿ, ಹೀಗೆ ಎರಡು ಹಾಳೆ ಮಾಡುವುದು ಉಚಿತ. ಮೊದಲ ಪ್ರತಿಯನ್ನು ಬ್ರೈಲ್ ಬಲ್ಲ ಅಂಧರೊಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತು, ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡಿ, ಅಲ್ಲಲ್ಲಿ ಅಚ್ಚು ತಿದ್ದಬೇಕು. ಕಣ್ಣಿದ್ದವರು ಚೆಂದ ಎಂದದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇದೇ ಯಂತ್ರದಲ್ಲಿ ಲೋಟ, ತಟ್ಟೆ, ಬಟ್ಟಲು ಒತ್ತಿ ಸಂತೆಯಲ್ಲಿ ಮಾರುವ ಯೋಚನೆ ಯಾರಿಗಾದರೂ ಬಂದೀತು. ಬೇಡ. ಕರ್ನಾಟಕ 2016ರಲ್ಲೇ ಅಂಥ ವಸ್ತುಗಳನ್ನು ನಿಷೇಧಿಸಿದೆ, 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ನಿಷೇಧವಿದೆ. ಗುಡ್ಡದ ಹಳ್ಳಕೊಳ್ಳಗಳಲ್ಲಿ ಈಗಾಗಲೇ ಬಿದ್ದಿರುವ ಪ್ಲಾಸ್ಟಿಕ್ಕಿಗೆ ಗುಡ್ಡದ ಬುಡದ ಊರೇ ಇನ್ನಷ್ಟು ಸೇರಿಸಬಾರದು. ವರ್ಷಗಟ್ಟಲೆ ಬಾಳುವ ನಕಾಶೆಗೆ, ಹೃದಯದ ಕೋಣೆಗಳನ್ನೋ ಎಲೆಯ ನರಗಳನ್ನೋ ತೋರಿಸುವ ಪಾಠದ ಹಾಳೆಗೆ ಪ್ಲಾಸ್ಟಿಕ್ ಬಳಸುವುದರಲ್ಲಿ ಅರ್ಥವಿದೆ. ಕತ್ತರಿಸಿ ಉಳಿದ ಹಿಪ್ಸ್ ಅಂಚುಗಳನ್ನು ಬೇರೆ ಪ್ಲಾಸ್ಟಿಕ್ಕಿನೊಡನೆ ಬೆರೆಸದೆ ಚೀಲದಲ್ಲಿ ಕೂಡಿಟ್ಟರೆ ಗುಜರಿಯವರು ಕೊಳ್ಳುತ್ತಾರೆ. ಹೊಲದ ಬದುವಿನಲ್ಲಿ ಸುಡುವುದಂತೂ ಕೂಡದು.

ತಣಿದ ಹಾಳೆಯ ಹೆಚ್ಚಿನ ಅಂಚನ್ನು ಉಕ್ಕಿನ ಅಳತೆಪಟ್ಟಿ ಇಟ್ಟು, ಚಾಕುವಿನಿಂದ ಎರಡು ಮೂರು ಸಲ ಗೀರಿ ಮುರಿದರೆ ನೇರವಾಗಿ ಬಿಡುತ್ತದೆ. ಮುರಿದ ಅಂಚು ಚೂಪು. ಮರಳು ಕಾಗದದಿಂದ ಉಜ್ಜದೆ ಮಗುವಿನ ಕೈಗೆ ಕೊಡಬಾರದು. ಉತ್ತರ ದಿಕ್ಕಿನ ಬಲಮೂಲೆಯನ್ನು ಓರೆಯಾಗಿ ಕತ್ತರಿಸಿದರೆ ಹಾಳೆಯನ್ನು ಹೇಗೆ ಹಿಡಿಯಬೇಕೆಂಬುದು ಮುಟ್ಟಿದ ಕೂಡಲೇ ತಿಳಿಯುತ್ತದೆ. ಹಿಂಬದಿಯ ಕುಳಿಗೆ ಹಳೆಯ ಪತ್ರಿಕೆಯ ಚೂರು ಮತ್ತು ಅಂಟು ಮೆತ್ತಿ ಒಣಗಿಸಿದರೆ ಒತ್ತಿದಾಗ ತಗ್ಗುವುದಿಲ್ಲ. ಕೊಳೆಯಾದರೆ ಸಾಬೂನು ನೀರು ಸಾಕು, ಕಾದ ನೀರು ಬೇಡ. ಬಿಸಿಲಲ್ಲಿ ನಿಲ್ಲಿಸಿದ ಬಸ್ಸಿನ ಕಿಟಕಿ ಬಳಿ ಇಟ್ಟರೆ ಸೊಟ್ಟಗಾಗುತ್ತದೆ. ಅಚ್ಚನ್ನು ಟಾಲ್ಕಂ ಪುಡಿ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಇಲಿ ಗೆದ್ದಲು ಮುಟ್ಟದ ಕಡೆ ಇಡಬೇಕು, ಸಕ್ಕರೆ ಆರತಿಯ ಅಚ್ಚುಗಳ ಪಕ್ಕದಲ್ಲೇ ಆದೀತು. ಅದರ ಬೆನ್ನಿಗೆ ಪ್ರಮಾಣ, ಎತ್ತರವನ್ನು ಎಷ್ಟು ಪಟ್ಟು ಮಾಡಿದೆ ಎಂಬುದು, ಮಾಡಿದ ವರ್ಷ ಇಷ್ಟನ್ನು ಕೆತ್ತಿರಬೇಕು.